ಊತದ ವ್ಯವಸ್ಥೆ ಇದೆ

ಹೊಸ ಮಿಕ್ಸಿ ತಂದರೂ ಅಷ್ಟೇ, ಹೊಸ ಸಾಫ್ಟ್‌ವೇರ್ ಹಾಕಿಕೊಂಡರೂ ಅಷ್ಟೇ. ಜೊತೆಗೆ ಬಂದ ಪುಸ್ತಕ ಓದುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ. ಮಿಕ್ಸಿಯದ್ದು ಅಟ್ಟ ಸೇರುತ್ತದೆ, ಸಾಫ್ಟ್‌ವೇರಿನದ್ದು ಡೌನ್‌ಲೋಡ್ ಫೋಲ್ಡರ್.

ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪ್ ಮಾಡಲು ಕೂತಾಗಲೂ ಹಾಗೇ ಆಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಶಿಫ್ಟ್ ಹಿಡಿದು ಒತ್ತಿದರೆ ಖ, ಘ. ಇದರಲ್ಲಿ ಓದೋದೇನಿದೆ, ಅಲ್ವಾ?

‘ಅಮ್ಮ’ ಅಂತ ಬರೆಯಲು ಹೋದೆ. ‘ಅಮಮ’ ಅಂತ ಬಂತು. ಅರ್ಧ ಗಂಟೆ ಒದ್ದಾಡಿದರೂ ಅಮ್ಮನಿಗೆ ಒತ್ತು ಹತ್ತಲಿಲ್ಲ.

“ಅಪ್ಪಾ, ಎರಡು ಮ ನಡುವೆ ಎಫ್ ಒತ್ತಬೇಕು,” ಎಂದಳು ಮಗಳು.

“ಎಲ್ಲಿ ಬರೆದಿದೆ?”

“ಹೆಲ್ಪ್‌ನಲ್ಲಿ. ಮೊದಲ ಪುಟ.”

ಎರಡನೇ ಪುಟಕ್ಕೆ ಹೋಗುವ ತಾಳ್ಮೆ ನನಗಿರಲಿಲ್ಲ. ಗೃಹಪ್ರವೇಶದ ಕರೆಯೋಲೆ ಟೈಪ್ ಮಾಡಿ, ರಾತ್ರಿ ಹನ್ನೊಂದಕ್ಕೆ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿ ಮಲಗಿದೆ.

ಬೆಳಿಗ್ಗೆ ಚಿಕ್ಕಪ್ಪನ ಫೋನು. “ಏನಪ್ಪಾ, ಊತ ಎಲ್ಲಿ, ಕಾಲಿಗಾ?”

ನೋಡಿದರೆ, ‘ಮಧ್ಯಾಹ್ನ ಊತದ ವ್ಯವಸ್ಥೆ ಇದೆ. ಬರುವವರು ಕೂದಲೇ ತಿಳಿಸಿ’ ಎಂದಿತ್ತು. ಬೊಕ್ಕತಲೆಯ ಸೋದರಮಾವ ಆಗಲೇ ಉತ್ತರ ಹಾಕಿದ್ದರು: ‘ನನಗೆ ಆ ಸೌಲಭ್ಯ ಇಲ್ಲ. ಬಾಯಲ್ಲೇ ತಿಳಿಸಬಹುದಾ?’

ಆಮೇಲೆ ಗೊತ್ತಾಯಿತು. ಇಂಗ್ಲಿಷಿನ ಟಿ ಒಂದೇ, ನಮ್ಮಲ್ಲಿ ತ ಥ ಬೇರೆ, ಟ ಠ ಬೇರೆ. ಟಿ ಕೀಲಿಯಲ್ಲಿ ತ, ಥ ಕೂತಿವೆ. ಡಿ ಕೀಲಿಯಲ್ಲಿ ದ, ಧ. ಜಾಗ ಸಿಗದ ಟ ಪಾಪ ಕ್ಯೂ ಕೀಲಿಗೆ ಹೋಯಿತು, ಡ ಪಕ್ಕದ ಡಬ್ಲ್ಯೂಗೆ. ಕನ್ನಡಕ್ಕೆ ಆ ಎರಡು ಕೀಲಿಗಳಿಂದ ಬೇರೆ ಕೆಲಸವೂ ಇರಲಿಲ್ಲ. ಲೆಕ್ಕ ಸರಿಯಾಗೇ ಇದೆ. ಆದರೆ ಊಹೆಯಿಂದ ಹೊಳೆಯುವ ಲೆಕ್ಕವಲ್ಲ.

ನನ್ನ ವಾದ ಇಷ್ಟೇ. ಕಿವಿಗೆ ಕೇಳಿದಂತೆ ಒತ್ತಿದರೆ ಮುಕ್ಕಾಲು ಪಾಲು ಬಂದೇ ಬರುತ್ತದೆ. ಅದಕ್ಕೆ ಪುಸ್ತಕ ಯಾಕೆ? ಉಳಿದ ಕಾಲು ಪಾಲಿಗೆ ಅಂಗೈಯಗಲದ ಒಂದು ಚೀಟಿ ಸಾಕು. ಮಗಳು ಈಗ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿದ್ದಾಳೆ: ‘ಎಫ್ ಒತ್ತು, ಕ್ಯೂ ಟ, ಡಬ್ಲ್ಯೂ ಡ.’ ಕೆಳಗೆ ‘ಕಳಿಸುವ ಮುಂಚೆ ಒಮ್ಮೆ ಓದು’ ಅಂತಲೂ ಇದೆ. ಅದು ಸುಮ್ನೆ ಜಾಸ್ತಿ.

ಗೃಹಪ್ರವೇಶಕ್ಕೆ ಎಲ್ಲರೂ ಬಂದರು. ಚಿಕ್ಕಪ್ಪ ನಾಲ್ಕು ಒಬ್ಬಟ್ಟು ಮುಗಿಸಿ, ಕೈ ತೊಳೆದು ಬಂದು, ನನ್ನ ಹೆಗಲು ತಟ್ಟಿದರು.

“ಊತ ಬಹಳ ಚೆನ್ನಾಗಿತ್ತಪ್ಪಾ. ನೋಡು, ಹೊಟ್ಟೆಗೇ ಬಂದಿದೆ.”