ಸಿಮ್ ಎಲ್ಲಿರಬೇಕು: ರೂಟರಿನಲ್ಲೋ, ಕಿಟಕಿಯಲ್ಲೋ, ತಾರಸಿಯಲ್ಲೋ?

ಹೊರನಾಡಿನಲ್ಲಿರುವ ಕನ್ನಡಿಗರಲ್ಲಿ ಬಹಳ ಮಂದಿಗೆ ಎರಡು ಮನೆಗಳ ಇಂಟರ್ನೆಟ್ ನೋಡಿಕೊಳ್ಳುವ ಕೆಲಸ ತಾನಾಗಿ ಬಂದು ಬೀಳುತ್ತದೆ. ತಾವಿರುವ ಬಾಡಿಗೆ ಮನೆಯದು ಒಂದು, ಊರಿನಲ್ಲಿ ಹಿರಿಯರಿರುವ ಮನೆಯದು ಇನ್ನೊಂದು. ಮೊದಲನೆಯ ಕಡೆ ಗೋಡೆ ಕೊರೆಯುವ ಹಾಗಿಲ್ಲ, ಕರಾರು ಮುಗಿದರೆ ಗಂಟುಮೂಟೆ ಕಟ್ಟಬೇಕು. ಎರಡನೆಯ ಕಡೆ ಎಷ್ಟು ಬೇಕಾದರೂ ಕೊರೆಯಬಹುದು, ಆದರೆ ಕೆಟ್ಟಾಗ ಕೈಹಾಕಲು ನಾವು ಅಲ್ಲಿರುವುದಿಲ್ಲ. ಫೈಬರ್ ಬಾರದ ಕಡೆ, ಬಂದರೂ ಆಗಾಗ ಕಡಿದುಹೋಗುವ ಕಡೆ, ಸಿಮ್ ಹಾಕಿದ ಮೋಡೆಮ್ ಒಂದನ್ನು ರೂಟರಿಗೆ ಸೇರಿಸಿದರೆ ಎರಡೂ ಮನೆಗೆ ಆದೀತು. ಸೇರಿಸುವ ದಾರಿ ಮಾತ್ರ ಎರಡಕ್ಕೂ ಒಂದೇ ಆಗಬಾರದು ಎಂಬುದು ನನ್ನ ಅಭಿಪ್ರಾಯ. "ಯಾವ ಮೋಡೆಮ್ ತಗೊಳ್ಳಲಿ?" ಎಂದು ಕೇಳುವ ಮೊದಲು ಸಿಮ್ ಮನೆಯ ಯಾವ ಜಾಗದಲ್ಲಿ ಕೂರಬೇಕು ಎಂದು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹಳೆಯ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ರೂಟರಿಗೆ ಸಿಕ್ಕಿಸಿ ಟೆದರಿಂಗ್ ಮಾಡುವುದು, ಅಂದರೆ ಫೋನಿನ ನೆಟ್ ರೂಟರಿಗೆ ಕೊಡುವುದು, ಎಲ್ಲಕ್ಕಿಂತ ಸುಲಭದ ದಾರಿ. ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶ) ಇರುವ ರೂಟರಿನಲ್ಲಿ ಆಂಡ್ರಾಯ್ಡ್‌ಗೆ ಆರ್‌ಎನ್‌ಡಿಐಎಸ್ ಡ್ರೈವರ್, ಐಫೋನ್‌ಗೆ ಐಪಿಹೆತ್ ಡ್ರೈವರ್ ಜೊತೆಗೆ ಯುಎಸ್‌ಬಿಮಕ್ಸ್‌ಡಿ ಎಂಬ ಪ್ಯಾಕೇಜ್ ಸಾಕು. ತಾತ್ಕಾಲಿಕಕ್ಕೆ ಚೆನ್ನ. ಕಾಯಂ ಮಾಡಿದರೆ ಫೋನಿನ ಬ್ಯಾಟರಿ ಸದಾ ಪೂರ್ತಿ ಚಾರ್ಜ್‌ನಲ್ಲಿ, ಬಿಸಿಯಲ್ಲಿ ಇದ್ದು ಉಬ್ಬಿಕೊಳ್ಳಬಹುದು. ಕರೆಂಟ್ ಹೋಗಿ ಬಂದಾಗ ಟೆದರಿಂಗ್ ತಾನಾಗಿ ಆನ್ ಆಗುವುದೂ ಇಲ್ಲ. ಊರಿನ ಮನೆಗೆ ಇದು ಬೇಡವೇ ಬೇಡ.

ಎರಡನೆಯದು ಹೈಲಿಂಕ್ ಬಗೆಯ ಡಾಂಗಲ್. ಇದು ತಾನೇ ಒಂದು ಪುಟ್ಟ ರೂಟರ್. ಒಳಗೇ ಸಿಮ್‌ನೊಡನೆ ಮಾತಾಡಿ, ನಮ್ಮ ರೂಟರಿಗೆ ಬರೀ ಒಂದು ಈಥರ್ನೆಟ್ ಕಾರ್ಡಿನಂತೆ ಕಾಣಿಸಿಕೊಂಡು, ಡಿಎಚ್‌ಸಿಪಿ ಮೂಲಕ ವಿಳಾಸ ಕೊಡುತ್ತದೆ. ಸಿಕ್ಕಿಸಿದ ಕೂಡಲೇ ಇಂಥ ಹಲವು ಡಾಂಗಲ್‌ಗಳು ಸಿಡಿ ಡ್ರೈವ್ ವೇಷದಲ್ಲಿ ಬರುವುದರಿಂದ ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಬೇಕು, ಅಷ್ಟೇ. ಬಲ್ಲವರು ಇದನ್ನು ಡಬಲ್ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ಕೆಲಸ ಎರಡೆರಡು ಸಲ) ಎಂದು ಮೂಗು ಮುರಿಯುತ್ತಾರೆ. ಆದರೆ ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ಆಪರೇಟರ್ ಕಡೆಯೂ ಒಂದು ನ್ಯಾಟ್ ಇದ್ದೇ ಇರುತ್ತದೆ, ಎರಡಿರುವಲ್ಲಿ ಮೂರಾದರೆ ಮನೆಬಳಕೆಗೆ ವ್ಯತ್ಯಾಸ ಗೊತ್ತಾಗದು. ನಿಜವಾದ ತೊಂದರೆ ಬೇರೆ: ಹುವಾವೇ ಹೈಲಿಂಕ್ ಡಾಂಗಲ್‌ಗಳ ವಿಳಾಸ 192.168.8.1, ಜಿಎಲ್ ಐನೆಟ್ ರೂಟರುಗಳ ವಿಳಾಸವೂ 192.168.8.1. ಎರಡನ್ನೂ ಹಾಗೇ ಜೋಡಿಸಿದರೆ ಡಾಂಗಲ್‌ನಲ್ಲಿ ದೀಪ ಉರಿಯುತ್ತದೆ, ನೆಟ್ ಬರುವುದಿಲ್ಲ. ರೂಟರಿನ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು ಬೇರೆ ಸರಣಿಗೆ ಬದಲಿಸಿದರೆ ಸರಿಹೋಗುತ್ತದೆ.

ಮೂರನೆಯದು ಕುಶಲಿಗಳ ದಾರಿ. ಮಿನಿ ಪಿಸಿಐಇ ಅಥವಾ ಎಂ.2 ಮೋಡೆಮ್ ಮಾಡ್ಯೂಲನ್ನು ರೂಟರಿನೊಳಗೆ ಕೂರಿಸಿ, ಇಲ್ಲವೇ ಯುಎಸ್‌ಬಿ ಡಬ್ಬಿಯಲ್ಲಿಟ್ಟು, ಕ್ಯುಎಂಐ ಅಥವಾ ಎಂಬಿಐಎಂ (ಮೋಡೆಮಿನೊಡನೆ ಮಾತಾಡುವ ಭಾಷೆಗಳು) ಮೂಲಕ ರೂಟರೇ ಅದನ್ನು ಆಳುವುದು. ಬೇಕಾದ ಬ್ಯಾಂಡಿಗೆ (ಆವರ್ತನ ಪಟ್ಟಿಗೆ) ಕಟ್ಟಿಹಾಕುವುದು, ಸಿಗ್ನಲ್ ಅಂಕಿ ನೋಡುವುದು, ಐಪಿವಿ6 (ಹೊಸ ಬಗೆಯ ಜಾಲವಿಳಾಸ) ಪಡೆಯುವುದು ಎಲ್ಲ ಇಲ್ಲಿ ನಮ್ಮ ಕೈಯಲ್ಲಿ. ತಪ್ಪು ಮಾಡಲು ಅವಕಾಶವೂ ಅಷ್ಟೇ ಹೆಚ್ಚು.

ಕೆಲಸ ಶುರುವಾಗಬೇಕಾದದ್ದು ಫೋನಿನಲ್ಲಿ. ಸಿಮ್ ಅನ್ನು ಮೊದಲು ಫೋನಿಗೆ ಹಾಕಿ ಡೇಟಾ ಓಡುತ್ತದೆಯೇ ನೋಡಿ, ಎಪಿಎನ್ (ಆಪರೇಟರಿನ ಡೇಟಾ ಜಾಲದ ಹೆಸರು) ಬರೆದುಕೊಂಡು, ಸಿಮ್ ಪಿನ್ ತೆಗೆದುಹಾಕಿ. ಪಿನ್ ಉಳಿಸಿಕೊಂಡು ರೂಟರಿನಲ್ಲಿ ತಪ್ಪಾಗಿ ಬರೆದರೆ, ಕೆಲವು ರೂಟರುಗಳು ಸುಮ್ಮನಿರದೆ ಮತ್ತೆ ಮತ್ತೆ ಅದನ್ನೇ ಒತ್ತುತ್ತವೆ. ಮೂರು ಸಲ ತಪ್ಪಿದರೆ ಸಿಮ್ ಪಿಯುಕೆ (ಬೀಗ ತೆರೆಯುವ ಸಂಖ್ಯೆ) ಕೇಳುತ್ತದೆ. ಪಿಯುಕೆ ಹತ್ತು ಸಲ ತಪ್ಪಿದರೆ ಆ ಸಿಮ್ ಕಸಕ್ಕೆ.

ಮುಂದಿನದು ಪ್ಯಾಕೇಜುಗಳು. ಕ್ಯುಎಂಐಗೆ ಅದರ ಕರ್ನಲ್ ಡ್ರೈವರ್, ಯುಕ್ಯುಎಂಐ, ಲೂಸಿಯ (ಓಪನ್‌ಡಬ್ಲ್ಯೂಆರ್‌ಟಿಯ ಸೆಟ್ಟಿಂಗ್ ಪುಟಗಳ) ಕ್ಯುಎಂಐ ಪುಟ. ಜೊತೆಗೆ ಎಟಿ ಆದೇಶಗಳಿಗಾಗಿ (ಮೋಡೆಮಿಗೆ ನೇರವಾಗಿ ಬರೆಯುವ ಆದೇಶಗಳು) ಯುಎಸ್‌ಬಿ ಸೀರಿಯಲ್ ಆಪ್ಷನ್ ಡ್ರೈವರ್. ಇವನ್ನು ಇಳಿಸಿಕೊಳ್ಳಲೇ ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಇವೇ ಬೇಕು. ಆದ್ದರಿಂದ ಓಪನ್‌ಡಬ್ಲ್ಯೂಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್ ಜಾಲಪುಟದಲ್ಲಿ ಪ್ಯಾಕೇಜುಗಳ ಹೆಸರು ಸೇರಿಸಿ ಮೊದಲೇ ಇಮೇಜ್ ಕಟ್ಟಿಸಿಕೊಳ್ಳುವುದು ಲೇಸು. ಫ್ಲ್ಯಾಶ್ 16 ಎಂಬಿಗಿಂತ ಕಡಿಮೆ ಇರುವ ರೂಟರಿಗೆ ಈ ಸಾಹಸ ಬೇಡ. ಮೋಡೆಮ್ ನೋಡಿಕೊಳ್ಳುವ ದೊಡ್ಡ ಪ್ಯಾಕೇಜ್ ಮೋಡೆಮ್‌ಮ್ಯಾನೇಜರ್ ಹಾಕುವ ಮನಸ್ಸಿದ್ದರೆ ಅದಕ್ಕೂ ಹೆಚ್ಚು ಬೇಕು.

ಮಾಡ್ಯೂಲ್ ಯಾವ ಭಾಷೆಯಲ್ಲಿ ಮಾತಾಡುತ್ತಿದೆ ಎಂಬುದನ್ನು ಪೆಟ್ಟಿಗೆ ಮೇಲಿನ ಬರಹ ಹೇಳುವುದಿಲ್ಲ. ಕ್ವೆಕ್ಟೆಲ್ ಕಂಪನಿಯ ಇಸಿ25 ಮಾಡ್ಯೂಲನ್ನೇ ತೆಗೆದುಕೊಂಡರೆ, ಅದರ ಯುಎಸ್‌ಬಿನೆಟ್ ಎಂಬ ಸೆಟ್ಟಿಂಗ್‌ನ ಮೌಲ್ಯ 0 ಇದ್ದರೆ ಕ್ಯುಎಂಐ, 1 ಇದ್ದರೆ ಇಸಿಎಂ, 2 ಇದ್ದರೆ ಎಂಬಿಐಎಂ. ಹಿಂದಿನ ಒಡೆಯರು 1ಕ್ಕೆ ಬದಲಿಸಿದ್ದ ಮಾಡ್ಯೂಲಿಗೆ ನಾವು ಕ್ಯುಎಂಐ ಸೆಟ್ಟಿಂಗ್ ಬರೆದು ಕಾದರೆ ಏನೂ ಆಗುವುದಿಲ್ಲ. ಎಟಿ ಆದೇಶದಿಂದ ಮೌಲ್ಯ ಬದಲಿಸಿ ಮಾಡ್ಯೂಲನ್ನು ರೀಸೆಟ್ ಮಾಡಬೇಕು. ಸರಿಯಾದಾಗ ಸಿಡಿಸಿ-ಡಬ್ಲ್ಯುಡಿಎಂ0 ಎಂಬ ನಿಯಂತ್ರಣ ಬಾಗಿಲೂ ಡಬ್ಲ್ಯುವ್ಯಾನ್0 ಎಂಬ ಜಾಲದ ಬಾಗಿಲೂ ಒಟ್ಟಿಗೆ ಕಾಣುತ್ತವೆ. ಒಂದೇ ಕಂಡರೆ ಡ್ರೈವರ್ ಕೊರತೆ.

ಇಂಟರ್‌ಫೇಸ್ ಬರೆದ ಮೇಲೆ ಅದನ್ನು ಫೈರ್‌ವಾಲ್‌ನ ವ್ಯಾನ್ (ಹೊರಜಾಲದ) ವಲಯಕ್ಕೆ ಸೇರಿಸಲು ಮರೆಯುವವರೇ ಹೆಚ್ಚು. ರೂಟರಿನಿಂದ ಪಿಂಗ್ ಹೋಗುತ್ತದೆ, ಮನೆಯ ಫೋನು ಲ್ಯಾಪ್‌ಟಾಪ್‌ಗಳಿಗೆ ನೆಟ್ ಇಲ್ಲ ಎಂದಾದರೆ ಮೊದಲ ಅನುಮಾನ ಅಲ್ಲೇ. ಪಿಂಗೇ ಹೋಗದಿದ್ದರೆ ಇಸಿಜಿ ಓದುವಂತೆ ಸಿಇಆರ್‌ಇಜಿ ಎಂಬ ಎಟಿ ಆದೇಶದ ಉತ್ತರ ಓದಬೇಕು: ಎರಡನೆಯ ಅಂಕಿ 1 ಇದ್ದರೆ ಸ್ವಂತ ಜಾಲದಲ್ಲಿ ನೋಂದಣಿ, 5 ಇದ್ದರೆ ರೋಮಿಂಗ್, 2 ಇದ್ದರೆ ಇನ್ನೂ ಹುಡುಕಾಟ, 3 ಇದ್ದರೆ ಜಾಲವೇ ನಿರಾಕರಿಸಿದೆ. 1 ಬಂದೂ ನೆಟ್ ಇಲ್ಲವೆಂದರೆ ಎಪಿಎನ್ ಅಥವಾ ಐಪಿ ಬಗೆ ತಪ್ಪಿದೆ. ಐಪಿವಿ6 ಮಾತ್ರ ಕೊಡುವ ಜಾಲದಲ್ಲಿ 464ಎಕ್ಸ್‌ಲ್ಯಾಟ್ ಪ್ಯಾಕೇಜ್ ಇಲ್ಲದೆ, ಹಳೆಯ ಬಗೆಯ (ಐಪಿವಿ4) ವಿಳಾಸವನ್ನೇ ನೆಚ್ಚಿಕೊಂಡ ತಾಣಗಳು, ಆ್ಯಪ್‌ಗಳು ತೆರೆಯದಿರಬಹುದು. ಮೊಬೈಲ್ ಜಾಲ ಸಾಮಾನ್ಯವಾಗಿ ಐಪಿವಿ6 ವಿಳಾಸಗಳ ಒಂದೇ ಒಂದು ಗುಂಪು (/64) ಕೊಡುವುದರಿಂದ, ಅದನ್ನೇ ಮನೆಯೊಳಗೂ ಹಂಚಲು ಎಕ್ಸ್‌ಟೆಂಡ್‌ಪ್ರಿಫಿಕ್ಸ್ ಆಯ್ಕೆಯನ್ನು 1 ಮಾಡಬೇಕು.

ಇಷ್ಟೆಲ್ಲ ಸರಿಯಿದ್ದೂ ವಿಡಿಯೋ ಕರೆ ಮಾಡುವಾಗಲೇ ಮೋಡೆಮ್ ಮಾಯವಾದರೆ ಅದು ಸಾಫ್ಟ್‌ವೇರ್ ದೋಷವಲ್ಲ, ಹೊಟ್ಟೆಗೆ ಸಾಲದಿರುವುದು. ಟವರ್ ದೂರವಿದ್ದಷ್ಟೂ ಮೋಡೆಮ್ ಹೆಚ್ಚು ಶಕ್ತಿಯಲ್ಲಿ ಕಳುಹಿಸುತ್ತದೆ. ಎಲ್‌ಟಿಇಯಲ್ಲಿ ಸಾಮಾನ್ಯ ಮಿತಿ 23 ಡಿಬಿಎಂ, ಅಂದರೆ 200 ಮಿಲಿವಾಟ್. ಅದಕ್ಕಾಗಿ ಮಾಡ್ಯೂಲ್ ಎಳೆಯುವ ಕರೆಂಟ್ ಅದರ ಎಷ್ಟೋ ಪಟ್ಟು. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್ 900. ಲಾಗ್‌ನಲ್ಲಿ ಯುಎಸ್‌ಬಿ ಡಿಸ್‌ಕನೆಕ್ಟ್ ಎಂಬ ಸಾಲು ಅಪ್‌ಲೋಡ್ ಹೊತ್ತಿನಲ್ಲೇ ಬರುತ್ತಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿ. 5ಜಿ ಮಾಡ್ಯೂಲಿಗೆ ಬೇರೆ ಪವರ್ ಇಲ್ಲದ ಡಬ್ಬಿಯನ್ನು ಕೊಳ್ಳಲೇಬೇಡಿ.

ಇನ್ನೊಂದು ಶತ್ರು ರೂಟರ್ ತಾನೇ. ಯುಎಸ್‌ಬಿ 3ರ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತ ಹರಡುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿತ್ತು. ಎಲ್‌ಟಿಇ ಬ್ಯಾಂಡ್ 40 ಇರುವುದು 2300ರಿಂದ 2400 ಮೆಗಾಹರ್ಟ್ಸ್‌ನಲ್ಲಿ, ವೈಫೈ ಶುರುವಾಗುವುದು ಅದರ ಬೇಲಿಯಾಚೆಯೇ. ಆ ಬ್ಯಾಂಡ್ ಬಳಸುವ ಕಡೆ ಡಾಂಗಲನ್ನು ರೂಟರಿನ ಬೆನ್ನಿಗೇ ಸಿಕ್ಕಿಸದೆ ಒಂದು ಮೀಟರಿನ ಯುಎಸ್‌ಬಿ 2 ಕೇಬಲ್ ಕೊಟ್ಟು ದೂರವಿಡಿ. 2.4 ವೈಫೈಯನ್ನು ಚಾನೆಲ್ 1ರಿಂದ 11ಕ್ಕೆ ಸರಿಸಿ. ಸಿಗ್ನಲ್ ಅಳೆಯುವಾಗ ಕಡ್ಡಿಗಳನ್ನು ನಂಬಬೇಡಿ. ಆರ್‌ಎಸ್‌ಆರ್‌ಪಿ (ಸಿಗ್ನಲ್‌ನ ಬಲ) ಮೈನಸ್ 80ರ ಆಸುಪಾಸು ಇದ್ದರೆ ಉತ್ತಮ, ಮೈನಸ್ 110 ದಾಟಿದರೆ ಕಷ್ಟ. ಅದಕ್ಕಿಂತಲೂ ವೇಗವನ್ನು ತೀರ್ಮಾನಿಸುವುದು ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂಬ ಅಂಕಿ): 20ರ ಮೇಲಿದ್ದರೆ ಹಬ್ಬ, ಸೊನ್ನೆಗಿಂತ ಕೆಳಗಿದ್ದರೆ ಎಷ್ಟು ಕಡ್ಡಿ ಕಂಡರೂ ನೆಟ್ ತೆವಳುತ್ತದೆ.

ಇಲ್ಲಿಗೆ ಜಾಗದ ಪ್ರಶ್ನೆ ಮತ್ತೆ ಬರುತ್ತದೆ. ಸಿಗ್ನಲ್ ತಾರಸಿಯಲ್ಲಿದೆ, ರೂಟರ್ ನಡುಮನೆಯಲ್ಲಿದೆ. ತಾರಸಿಗೆ ಆಂಟೆನಾ ಹಾಕಿ ಕೇಬಲ್ ಇಳಿಸುವುದು ಹಲವರಿಗೆ ಮೊದಲು ಹೊಳೆಯುವ ಉಪಾಯ, ನನ್ನ ಲೆಕ್ಕದಲ್ಲಿ ಕೆಟ್ಟ ಉಪಾಯ. ಎಲ್‌ಎಂಆರ್-200 ಎಂಬ ಆಂಟೆನಾ ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ ಸುಮಾರು 4.5 ಡೆಸಿಬೆಲ್ ನುಂಗುತ್ತದೆ. ಅಂದರೆ ಮೇಲೆ ಹಿಡಿದದ್ದರಲ್ಲಿ ಮೂರನೇ ಒಂದು ಪಾಲಿನಷ್ಟೇ ಕೆಳಗೆ ತಲುಪುತ್ತದೆ. ಎಲ್‌ಎಂಆರ್-400 ನಷ್ಟವನ್ನು ಅರ್ಧಕ್ಕೂ ಕೆಳಗಿಳಿಸುತ್ತದೆ, ಆದರೆ ಅದು ಬೆರಳು ದಪ್ಪ, ಬಗ್ಗುವುದಿಲ್ಲ, ಮತ್ತು ಮೈಮೋಗೆ (ಒಂದಕ್ಕಿಂತ ಹೆಚ್ಚು ಆಂಟೆನಾ ಒಟ್ಟಿಗೆ ಬಳಸುವ ವಿಧಾನಕ್ಕೆ) ಒಂದಲ್ಲ ಎರಡು ಕೇಬಲ್ ಬೇಕು. ಅದರ ಬದಲು ಮೋಡೆಮನ್ನೇ ಮೇಲಕ್ಕೆ ಏರಿಸಿದರೆ ಕೆಳಗಿಳಿಯುವುದು ಈಥರ್ನೆಟ್, ಅದು ನೂರು ಮೀಟರ್ ದೂರದವರೆಗೂ ಒಂದು ಬಿಟ್ ಕಳೆದುಕೊಳ್ಳುವುದಿಲ್ಲ. ಮಳೆ ತಡೆಯುವ ಪೆಟ್ಟಿಗೆಯ ಹೊರಾಂಗಣ ಸಿಪಿಇಗಳು (ಆಂಟೆನಾ, ಮೋಡೆಮ್ ಎರಡೂ ಒಂದೇ ಡಬ್ಬಿಯಲ್ಲಿರುವ ಸಾಧನಗಳು) ಇರುವುದೇ ಇದಕ್ಕೆ. ಕರೆಂಟೂ ಅದೇ ಕೇಬಲಿನಲ್ಲಿ ಹೋಗುತ್ತದೆ, ಆದರೆ ಪ್ಯಾಸಿವ್ 24 ವೋಲ್ಟಿನದಕ್ಕೆ 48 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ (ಕೇಬಲಿಗೆ ಕರೆಂಟ್ ತುಂಬುವ ಡಬ್ಬಿ) ಚುಚ್ಚಿದರೆ ಒಂದೇ ಕ್ಷಣದಲ್ಲಿ ಕಥೆ ಮುಗಿಯುತ್ತದೆ. ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಇಲ್ಲದೆ ತಾರಸಿಗೆ ಏನನ್ನೂ ಕಟ್ಟಬೇಡಿ. ಸಿಪಿಇಯನ್ನು ಬ್ರಿಡ್ಜ್ ಅಥವಾ ಐಪಿ ಪಾಸ್‌ಥ್ರೂಗೆ (ಸಿಕ್ಕ ವಿಳಾಸವನ್ನು ರೂಟರಿಗೇ ದಾಟಿಸುವ ಬಗೆಗೆ) ಹಾಕಿ ಉಳಿದ ಕೆಲಸ ರೂಟರಿಗೆ ಬಿಡಿ. ಪಾಸ್‌ಥ್ರೂ ಬಹುಪಾಲು ಒಂದೇ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತಿಗೆ) ಅಂಟಿಕೊಳ್ಳುವುದರಿಂದ ರೂಟರ್ ಬದಲಿಸಿದಾಗ ಸಿಪಿಇಯನ್ನೂ ಆಫ್ ಮಾಡಿ ಆನ್ ಮಾಡಬೇಕು.

ಬಾಡಿಗೆ ಮನೆಗೆ ತಾರಸಿ ಇಲ್ಲ, ಕಿಟಕಿಯಿದೆ. ಚಳಿ ತಡೆಯಲು ಲೋಹದ ಲೇಪ ಕೊಟ್ಟ ಗಾಜು 20 ಡೆಸಿಬೆಲ್‌ಗೂ ಮೀರಿ ಸಿಗ್ನಲ್ ತಡೆಯಬಲ್ಲದು. ಅಂಥ ಮನೆಯಲ್ಲಿ ಗಾಜಿನೆದುರಿಗಿಂತ ಇಟ್ಟಿಗೆ ಗೋಡೆಯ ಬದಿಯೇ ವಾಸಿ ಎನಿಸುವುದುಂಟು. ಹತ್ತು ನಿಮಿಷ ಮೋಡೆಮ್ ಹಿಡಿದು ಮನೆಯೆಲ್ಲ ಸುತ್ತಿ ಎಸ್‌ಐಎನ್‌ಆರ್ ನೋಡಿ, ಸಿಕ್ಕ ಜಾಗದಿಂದ ಚಪ್ಪಟೆ ಈಥರ್ನೆಟ್ ಕೇಬಲ್ ಎಳೆಯಿರಿ. ಮನೆ ಬಿಡುವಾಗ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡರಾಯಿತು.

ಹೊರನಾಡಿಗರು ಇನ್ನೊಂದು ವಿಷಯದಲ್ಲಿ ಎಚ್ಚರವಿರಬೇಕು: ಇಲ್ಲಿ ಕೊಂಡ ಮೋಡೆಮನ್ನು ರಜೆಗೆ ಹೋಗುವಾಗ ಊರಿಗೆ ಒಯ್ಯುವ ಆಸೆ. ಒಂದೇ ಹೆಸರಿನ ಮಾಡ್ಯೂಲ್ ಪ್ರದೇಶಕ್ಕೊಂದು ಬಗೆಯಲ್ಲಿ ಬರುತ್ತದೆ. ಇಸಿ25ರ ಇ ಮಾದರಿಯಲ್ಲಿ ಬ್ಯಾಂಡ್ 1, 3, 5, 7, 8, 20, 38, 40, 41 ಇವೆ, ಭಾರತಕ್ಕೆ ಧಾರಾಳ. ಅದೇ ಇಸಿ25ರ ಎ ಮಾದರಿಯಲ್ಲಿರುವುದು 2, 4, 12 ಮಾತ್ರ, ಉತ್ತರ ಅಮೆರಿಕಕ್ಕೆ ಮಾಡಿದ್ದು. ಅದನ್ನು ಭಾರತಕ್ಕೆ ಒಯ್ದರೆ 4ಜಿಗೆ ಸಂಬಂಧಪಟ್ಟಂತೆ ಅದು ಪೇಪರ್‌ವೇಟ್. ಕೊನೆಯ ಅಕ್ಷರ ನೋಡದೆ ಮಾಡ್ಯೂಲ್ ಕೊಳ್ಳಬೇಡಿ.

ಫೈಬರ್ ಇದ್ದು ಮೋಡೆಮ್ ಬರೀ ಆಸರೆಗೆ ಎಂದಾದರೆ, ಫೈಬರಿಗೆ ಮೆಟ್ರಿಕ್ (ಕಡಿಮೆ ಇದ್ದಷ್ಟೂ ಮೊದಲ ಆದ್ಯತೆ) 10, ಮೋಡೆಮಿಗೆ 20 ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಸಾಲದು. ಬೀದಿಯಲ್ಲಿ ಫೈಬರ್ ಕಡಿದರೂ ರೂಟರಿಗೂ ಫೈಬರ್ ಡಬ್ಬಿಗೂ ನಡುವಿನ ಕೇಬಲ್ ಜೀವಂತವಾಗಿಯೇ ಇರುತ್ತದೆ, ರೂಟರ್ ಮೋಸ ಹೋಗುತ್ತದೆ. ದಾರಿ ನಿಜವಾಗಿ ತೆರೆದಿದೆಯೇ ಎಂದು ಪರೀಕ್ಷಿಸುವ ಎಂವ್ಯಾನ್3 ಪ್ಯಾಕೇಜ್ ಹಾಕಿ ಹೊರಗಿನ ಎರಡು ವಿಳಾಸಗಳಿಗೆ ಪಿಂಗ್ ಮಾಡಿಸಿ. ಐದು ಸೆಕೆಂಡಿಗೊಂದು ಪಿಂಗ್ ಎಂದರೆ ದಿನಕ್ಕೆ 17,280. ಹೋಗಿಬರುವುದು ಸೇರಿ 168 ಬೈಟ್‌ನಂತೆ ಒಂದು ವಿಳಾಸಕ್ಕೆ ಸುಮಾರು 2.9 ಎಂಬಿ. ಸಣ್ಣ ಡೇಟಾ ಪ್ಯಾಕಿನ ಸಿಮ್ ಆಗಿದ್ದರೆ ಮೋಡೆಮ್ ಕಡೆಯ ಪಿಂಗನ್ನು ನಿಮಿಷಕ್ಕೊಂದಕ್ಕೆ ಇಳಿಸಿ.

ಊರಿನ ಮನೆಯನ್ನು ದೂರದಿಂದ ತೆರೆದು ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವವರಿಗೆ ರೂಟರಿನಲ್ಲಿ ಬಾಗಿಲು ತೆರೆಯುವುದು) ಮಾಡುತ್ತ ಕೂರಬೇಡಿ. ಮೋಡೆಮಿಗೆ ಸಿಕ್ಕ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಅದು ಆಪರೇಟರಿನ ನ್ಯಾಟ್‌ನ ಒಳಗಿದೆ, ಹೊರಗಿನಿಂದ ಯಾರೂ ಒಳಬರಲಾರರು. ಊರಿನ ರೂಟರೇ ಹೊರಗಿನ ಒಂದು ಸರ್ವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ತೆರೆಯಲಿ, ಕೀಪ್‌ಅಲೈವ್ 25 ಸೆಕೆಂಡ್, ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1380 ಅಥವಾ ಇನ್ನೂ ಕಡಿಮೆ. ಎರಡೂ ಮನೆಯ ಲ್ಯಾನ್ 192.168.1 ಆಗಿದ್ದರೆ ಒಂದನ್ನು ಬದಲಿಸಲೇಬೇಕು. ಮನೆಯ ರೂಟರುಗಳಲ್ಲಿ ಬ್ಯಾಟರಿಯ ಗಡಿಯಾರ ಸಾಮಾನ್ಯವಾಗಿ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಹಳೆಯ ಸಮಯದಲ್ಲೇ ಏಳುತ್ತವೆ, ಹಿಂದಿನ ಸಮಯದ ಕೈಕುಲುಕನ್ನು (ಸುರಂಗ ತೆರೆಯುವ ಕೋರಿಕೆಯನ್ನು) ವೈರ್‌ಗಾರ್ಡ್ ತಿರಸ್ಕರಿಸುತ್ತದೆ. ಹಾಗಾಗಿ ಎನ್‌ಟಿಪಿ (ಜಾಲದಿಂದ ಸಮಯ ತರುವ ವ್ಯವಸ್ಥೆ) ಸುರಂಗದ ಹೊರಗೇ ಹೋಗುವಂತಿರಬೇಕು. ಎಲ್ಲ ಸಂಚಾರವನ್ನೂ ಸುರಂಗಕ್ಕೆ ತಳ್ಳಿದರೆ ಸಮಯವೂ ಸರಿಯಾಗದು, ಸುರಂಗವೂ ತೆರೆಯದು.

ಮೋಡೆಮ್ ಹೆಪ್ಪುಗಟ್ಟಿದರೆ ಎಬ್ಬಿಸಲು, ನೆಟ್ ಇಲ್ಲದಾಗ ರೂಟರನ್ನು ರೀಬೂಟ್ ಮಾಡುವ ವಾಚ್‌ಕ್ಯಾಟ್ ಪ್ಯಾಕೇಜ್ ಇದೆ. ಅದರ ಅವಧಿ ಅರ್ಧ ಗಂಟೆಗಿಂತ ಕಡಿಮೆ ಇಟ್ಟರೆ ಟವರೇ ಕೆಟ್ಟ ದಿನ ರೂಟರ್ ಬಿದ್ದೆದ್ದು ಬಿದ್ದೆದ್ದು ಸುಸ್ತಾಗುತ್ತದೆ. ಅದೂ ಅಲ್ಲದೆ ಎಷ್ಟೋ ರೂಟರುಗಳು ರೀಬೂಟ್ ಆಗುವಾಗ ಯುಎಸ್‌ಬಿ ಕರೆಂಟ್ ಕಡಿಯುವುದೇ ಇಲ್ಲ, ಡಾಂಗಲ್ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಉಳಿಯುತ್ತದೆ. ಹಾಗಾಗಿ ಊರಿನ ಮನೆಗೆ ನನ್ನ ಆಯ್ಕೆ, ತಾರಸಿ ಸಿಪಿಇ ಇರಲಿ ಹೈಲಿಂಕ್ ಡಾಂಗಲ್ ಇರಲಿ, ಪ್ಲಗ್ಗಿಗೆ ಒಂದು ಟೈಮರ್: ನಸುಕಿನ ಮೂರು ಗಂಟೆಗೆ ಐದು ನಿಮಿಷ ಆಫ್. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬಿದ್ದು, ತಿಂಗಳು ಕಳೆಯುವುದರೊಳಗೆ ಮಧ್ಯಾಹ್ನ ನೆಟ್ ಕಡಿಯತೊಡಗುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರನ್ನೇ ಕೊಳ್ಳಿ.