ಸ್ಪಷ್ಟನೆ: ಔಟ್‌ಪುಟ್ಟನ್ನು ಇನ್‌ಪುಟ್‌ಗೆ ಕೊಟ್ಟರೆ ಸೌಂಡ್ ಮಿಕ್ಸರ್ ಸುಡುತ್ತದೆಯೇ?

‘ಮಿಕ್ಸರ್‌ನ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್‌ಗೆ ಚುಚ್ಚಿದರೆ ಬೋರ್ಡ್ ಸುಟ್ಟುಹೋಗುತ್ತದೆ’ ಎಂಬ ವಾಯ್ಸ್ ಮೆಸೇಜ್ ಮಂಗಳೂರು, ಉಡುಪಿ ಕಡೆಯ ಸೌಂಡ್ಸ್‌ನವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮಿಕ್ಸರ್ ಎಂದರೆ ಇಲ್ಲಿ ಹಲವು ಮೈಕ್, ವಾದ್ಯಗಳ ಸದ್ದನ್ನು ಬೆರೆಸುವ ಬೋರ್ಡ್. ಆ ಮಾತು ನಿಜವಲ್ಲ.

ಲೈನ್ ಔಟ್‌ಪುಟ್‌ನಿಂದ ಬರುವ ಸಿಗ್ನಲ್ ತೆಗೆದುಕೊಳ್ಳಲೆಂದೇ ಲೈನ್ ಇನ್‌ಪುಟ್ ಇರುವುದು. ಸಿಗ್ನಲ್ ಸುತ್ತು ಹೊಡೆದು ಬೆಳೆಯುತ್ತದೆ ನಿಜ. ಆದರೆ ಒಳಗಿನ ಆಪ್-ಆಂಪ್‌ಗೆ (ಸಿಗ್ನಲ್ ಹಿಗ್ಗಿಸುವ ಚಿಪ್) ಸಿಗುವ ಸಪ್ಲೈ ವೋಲ್ಟೇಜ್ ದಾಟಿ ಏರಲಾರದು, ಅಲ್ಲೇ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಮೈಕ್ ಕೂಗುವುದೂ ಇಂಥದೇ ಸುತ್ತಿನಿಂದ. ಇಲ್ಲಿ ಮೈಕ್ ಬದಲು ಬರೀ ವಯರ್. ಈಕ್ವಲೈಸರ್‌ನ ಮಿಡ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗುಂಯ್ ಎನ್ನುತ್ತಿದ್ದುದು ಕೀಂಯ್ ಎಂದೀತು, ಇಲ್ಲವೇ ಟಕಟಕ ಬಡಿಯತೊಡಗೀತು. ಜಪಾನಿನ ಸಂಗೀತಗಾರ ತೋಷಿಮಾರು ನಕಮುರಾ 1990ರ ದಶಕದ ಕೊನೆಯಿಂದ ಇದನ್ನೇ ವಾದ್ಯವಾಗಿ ನುಡಿಸುತ್ತ ಬಂದವರು. ಎಲ್ಲರ ಕಿವಿಗೂ ಹಿಡಿಸುವುದಿಲ್ಲ, ಅದು ಬೇರೆ ಮಾತು.

ಕೆಡುವ ಅಪಾಯ ಇರುವುದು ಬೇರೆ ಕಡೆ. ಪವರ್ಡ್ ಮಿಕ್ಸರ್ (ಒಳಗೇ ಆಂಪ್ಲಿಫೈಯರ್ ಇರುವಂಥದು) ಇದ್ದವರು ಸ್ಪೀಕರ್ ಜಾಕನ್ನು ಲೈನ್ ಔಟ್ ಎಂದುಕೊಂಡು ಇನ್‌ಪುಟ್‌ಗೆ ಕೊಡಬೇಡಿ. ಮೈಕ್ ಸಾಕೆಟ್ ಬಳಸುವುದಾದರೆ ಕೆಲವು ಮೈಕ್‌ಗಳಿಗೆ ವಯರಿನಲ್ಲೇ ಕರೆಂಟ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಆಫ್ ಇರಲಿ. ಕ್ಲಿಪ್ ಆದ ಸದ್ದನ್ನು ಜೋರಾಗಿ ಬಿಟ್ಟರೆ ಸ್ಪೀಕರಿನ ಟ್ವೀಟರ್ (ಕೀಚಲು ಸದ್ದು ನುಡಿಸುವ ಭಾಗ) ಹೋಗಬಹುದು. ಹೆಡ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೇ ಪೆಟ್ಟು. ಇಂಥ ಸದ್ದಿಗೆಂದು ಮನೆಯಲ್ಲಿ ಸ್ವಂತ ಸರ್ಕ್ಯೂಟ್ ಬೆಸುಗೆ ಹಾಕುವ ಹುಡುಗರು 9 ವೋಲ್ಟ್ ಬ್ಯಾಟರಿಯಲ್ಲೇ ಮಾಡಿ, ಮನೆ ಕರೆಂಟಿನ ತಂಟೆ ಬೇಡ.