ಹಳೇ ಕಾಮಿಡಿಗೆ ನಗು ಬರ್ತಿಲ್ವಾ? ಮೊದಲು ವೇಗ ಸರಿಮಾಡಿ ನೋಡಿ

ಅಮೆರಿಕದ ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ಸಿನಿಮಾ ಹಾಕಿ ಹತ್ತು ನಿಮಿಷ ನೋಡಿ, "ಇದರಲ್ಲಿ ನಗೋಕೆ ಏನಿದೆ?" ಅಂತ ನಿಲ್ಲಿಸಿಬಿಡುವವರು ಬಹಳ. ಅವರನ್ನು ದೂರುವುದಿಲ್ಲ. ಎಷ್ಟೋ ಸಲ ಅವರಿಗೆ ಸಿಕ್ಕಿರುವುದೇ ತಪ್ಪು ವೇಗದಲ್ಲಿ ಓಡುವ ಪ್ರತಿ. ಅದನ್ನು ಮೊಬೈಲಿನಲ್ಲಿ ಒಬ್ಬರೇ ಕೂತು ನೋಡಿರುತ್ತಾರೆ.

ವೇಗದ ಲೆಕ್ಕ ಕೇಳಿ. 35 ಮಿ.ಮೀ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು (ಬಿಡಿ ಚಿತ್ರ), ಸಾವಿರ ಅಡಿಯ ಒಂದು ರೀಲಿಗೆ 16,000. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಎಲ್ಲರಿಗೂ ಒಂದೇ ವೇಗ ಅಂತ ಇರಲಿಲ್ಲ. ಸೆಕೆಂಡಿಗೆ 18 ಫ್ರೇಮಿನಂತೆ ತೆಗೆದ ರೀಲು ಅದೇ ವೇಗದಲ್ಲಿ ಓಡಿದರೆ ಸುಮಾರು 14 ನಿಮಿಷ 50 ಸೆಕೆಂಡು. ಟಾಕಿ ಬಂದ ಮೇಲೆ ನಿಗದಿಯಾದ 24ರಲ್ಲಿ ಓಡಿಸಿದರೆ 11 ನಿಮಿಷ ಚಿಲ್ಲರೆ. ನಟ ಬೀಳುವ ಮೊದಲು ಒಂದು ಸೆಕೆಂಡು ತಡೆದು ನಿಂತಿದ್ದನಲ್ಲ, ಅದು ಮುಕ್ಕಾಲು ಸೆಕೆಂಡಿಗೆ ಇಳಿಯುತ್ತದೆ. ಆ ತಡೆಯಲ್ಲೇ ನಗು ಇದ್ದದ್ದು! ನಮಗೆ ಉಳಿಯುವುದು ಇರುವೆಗಳಂತೆ ಓಡಾಡುವ ಮನುಷ್ಯರು.

ಪರಿಹಾರ ಸುಲಭ. ಹಿನ್ನೆಲೆಯಲ್ಲಿ ಸುಮ್ಮನೆ ನಡೆದುಹೋಗುವವರನ್ನು ನೋಡಿ. ಅವರೂ ದಡಬಡ ನಡೆಯುತ್ತಿದ್ದರೆ ಪ್ಲೇಬ್ಯಾಕ್ ವೇಗ 0.75ಕ್ಕೆ ಇಳಿಸಿ, ಅಂದರೆ ಸರಿಯಾಗಿ 18 ಫ್ರೇಮು. ಸಂಗೀತ ಎಳೆದಂತೆ ಕೇಳಿಸುತ್ತದೆ, ಮ್ಯೂಟ್ ಮಾಡಿ. ಬೆನ್ನಟ್ಟುವ ದೃಶ್ಯಗಳನ್ನು ಮಾತ್ರ ತೆರೆಯ ಮೇಲೆ ವೇಗವಾಗಿ ಕಾಣಲೆಂದು ಬೇಕೆಂದೇ ಕ್ಯಾಮೆರಾ ನಿಧಾನ ತಿರುಗಿಸಿ ತೆಗೆಯುತ್ತಿದ್ದದ್ದುಂಟು, ಅವು ಚುರುಕಾಗಿಯೇ ಇರಲಿ. ಇನ್ನೊಂದು: ಅಗಲ ಪರದೆಗೆ ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದ ಪ್ರತಿ ಬೇಡವೇ ಬೇಡ. ಕಾಲೇ ಕಾಣದಿದ್ದರೆ ಜಾರಿದ್ದು ಗೊತ್ತಾಗುವುದು ಹೇಗೆ?

ಕೀಟನ್‌ನಂಥ ನಟರ ಮೂಲ ವಾಡ್‌ವಿಲ್. ಒಂದೇ ಸಂಜೆ ಹಾಡು, ಜಾದು, ಪ್ರಾಣಿಗಳ ಆಟ, ಹಾಸ್ಯ ಎಲ್ಲ ಒಂದರ ಹಿಂದೊಂದು ಬರುತ್ತಿದ್ದ ಅಮೆರಿಕದ ರಂಗಪ್ರದರ್ಶನ. ಅದೇ ಕೆಲವು ನಿಮಿಷದ ತುಣುಕನ್ನು ಊರೂರು ತಿರುಗಿ ವರ್ಷಗಟ್ಟಲೆ ಮಾಡುತ್ತಿದ್ದರು. ನಕ್ಕ ಜಾಗ ಉಳಿಯಿತು, ನಗದ ಜಾಗ ಹೋಯಿತು. 1895ರಲ್ಲಿ ಹುಟ್ಟಿದ ಕೀಟನ್ ಚಿಕ್ಕವನಿದ್ದಾಗಲೇ ಅಪ್ಪ ಅವನನ್ನು ರಂಗದ ಮೇಲೆ ಎತ್ತಿ ಎಸೆಯುತ್ತಿದ್ದ. ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ ಎಂಬುದನ್ನು ಅವನು ಕಲಿತದ್ದು ಅಲ್ಲೇ, ಆ ಕಲ್ಲುಮುಖ ಬಂದದ್ದೂ ಹಾಗೆ. ನಮ್ಮ ಕಂಪನಿ ನಾಟಕದಿಂದ ಬಂದ ನರಸಿಂಹರಾಜು, ಬಾಲಕೃಷ್ಣ ಅವರನ್ನು ನೋಡಿದವರಿಗೆ ಈ ಪಳಗಿದ ಕೈ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ವಾಡ್‌ವಿಲ್‌ನಿಂದಲೇ ಟಾಕಿಗೆ ಬಂದ ಅಣ್ಣತಮ್ಮಂದಿರ ಹಾಸ್ಯ ತಂಡ ಮಾರ್ಕ್ಸ್ ಸಹೋದರರದು ಬೇರೆಯೇ ತೊಡಕು. 1935ರ 'ಎ ನೈಟ್ ಅಟ್ ದಿ ಒಪೇರಾ' ಶೂಟಿಂಗಿಗೆ ಮೊದಲು ಅದರ ಹಾಸ್ಯ ದೃಶ್ಯಗಳನ್ನು ಊರುಗಳಲ್ಲಿ ರಂಗದ ಮೇಲೆ ಆಡಿ, ಜನ ಎಷ್ಟು ಹೊತ್ತು ನಗುತ್ತಾರೆಂದು ಅಳೆದರು. ಮುಂದಿನ ಮಾತು ನಗುವಿನಲ್ಲಿ ಮುಳುಗದಿರಲೆಂದು ಆ ಅಳತೆಗೆ ತಕ್ಕ ಬಿಡುವು ಇಟ್ಟರು. ತುಂಬಿದ ಥಿಯೇಟರಿಗೆ ಹೊಲಿದ ಆ ಬಿಡುವು ಒಬ್ಬರೇ ನೋಡುವಾಗ ಸಪ್ಪೆ ಮೌನವಾಗುತ್ತದೆ. ನಾಲ್ಕೈದು ಜನ ಸೇರಿ ನೋಡಿ, ಬಿಡುವು ತಾನಾಗಿ ತುಂಬಿಕೊಳ್ಳುತ್ತದೆ.

ಎಲ್ಲವೂ ಉಳಿದಿದೆ ಅಂತ ನಾನು ಹೇಳಲಾರೆ. ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುವುದು ವಾಡ್‌ವಿಲ್‌ನಲ್ಲಿ ಮಾಮೂಲಾಗಿತ್ತು, ಕೀಟನ್‌ನ 1927ರ 'ಕಾಲೇಜ್' ಸಿನಿಮಾದಲ್ಲೂ ಅವನು ಹಾಗೆ ಬಳಿದುಕೊಂಡು ಬರುತ್ತಾನೆ. ಅಲ್ಲಿ ನಗು ಬರಬಾರದು, ಬರುವುದೂ ಇಲ್ಲ. ವಲಸಿಗರ ಇಂಗ್ಲಿಷ್ ಉಚ್ಚಾರದ ಮೇಲಿನ ಶ್ಲೇಷೆಗಳೂ ನಮ್ಮ ಕಿವಿಗೆ ತಲುಪುವುದಿಲ್ಲ.

ಆದರೆ ದೇಹದಿಂದ ಹುಟ್ಟಿದ ಹಾಸ್ಯ? 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಮನೆಯ ಇಡೀ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ, ಅಟ್ಟದ ಕಿಟಕಿಯ ಸಂದಿಯಲ್ಲಿ ಅವನು ನಿಂತಲ್ಲೇ ಉಳಿಯುತ್ತಾನೆ. ಗೋಡೆ ನಿಜವಾದದ್ದು, ನಿಂತವನೂ ಅವನೇ. ಅತ್ತಿತ್ತ ಕೆಲವೇ ಅಂಗುಲ ಬಿಡುವು. ಗೋಡೆ ನೆಲಕ್ಕೆ ಬೀಳುವ ಆ ಗಳಿಗೆಯನ್ನು ಅಡಿಯಿಂದ ಮುಡಿಯವರೆಗೆ ಕಾಣುವಂತೆ, ಕಟ್ ಇಲ್ಲದೆ ತೋರಿಸಿದ್ದಾರೆ. ಮಾರ್ಕ್ಸ್ ಸಹೋದರರ 1933ರ 'ಡಕ್ ಸೂಪ್'ನ ಕನ್ನಡಿ ದೃಶ್ಯಕ್ಕೆ ಮಾತೂ ಬೇಡ, ಸಬ್‌ಟೈಟಲ್ಲೂ ಬೇಡ. ಅಣ್ಣತಮ್ಮಂದಿರಲ್ಲಿ ಒಬ್ಬನಾದ ಗ್ರೌಚೋನಂತೆಯೇ ರಾತ್ರಿಯುಡುಪು ಹಾಕಿಕೊಂಡ ಇನ್ನೊಬ್ಬ, ಹಾರ್ಪೋ, ಒಡೆದ ಕನ್ನಡಿಯ ಜಾಗದಲ್ಲಿ ನಿಂತು ಪ್ರತಿಬಿಂಬದಂತೆ ನಟಿಸುತ್ತಾನೆ. ಒಂದು ಹಂತದಲ್ಲಿ ಇಬ್ಬರೂ ಸುತ್ತುಹಾಕಿ ಜಾಗವನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ, ಆದರೂ ನಾಟಕ ಮುಂದುವರಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇವತ್ತೇ ರಾತ್ರಿ ಈ ಒಂದು ದೃಶ್ಯ ಹಾಕಿ ತೋರಿಸಿ. ಕಥೆ ಹೇಳಬೇಡಿ, ಏನನ್ನೂ ವಿವರಿಸಬೇಡಿ. ಮೂರನೆಯ ಸಹೋದರ ಚಿಕೋ ಅದೇ ವೇಷದಲ್ಲಿ ಬಂದಾಗ ಮಕ್ಕಳ ಮುಖ ನೋಡಿ.